ಕಿವಿಯ ರುಚಿ

ನಾಲಗೆಗೆ ರುಚಿಯಿರುವಂತೆ ಕಿವಿಗೂ ರುಚಿಯುಂಟು. ಹಾಗಲಕಾಯಿಯ ಗೊಜ್ಜನ್ನು ಒಬ್ಬನು ಚಪ್ಪರಿಸಿ ತಿಂದರೆ ಇನ್ನೊಬ್ಬನು ಮುಖ ಸಿಂಡರಿಸುತ್ತಾನೆ. ಅದಕ್ಕಾಗಿ ನಾವು ಯಾರನ್ನೂ ದಡ್ಡನೆನ್ನುವುದಿಲ್ಲ. ಸಂಗೀತದ ಮಾತು ಬಂದಾಗ ಮಾತ್ರ ಈ ಉದಾರತೆ ನಮ್ಮಲ್ಲಿ ಉಳಿಯುವುದಿಲ್ಲ. "ನನಗೆ ಹಿಡಿಸಲಿಲ್ಲ" ಎನ್ನಬೇಕಾದಲ್ಲಿ "ಅದು ಸಂಗೀತವೇ ಅಲ್ಲ" ಎಂದುಬಿಡುತ್ತೇವೆ. ಮೊದಲನೆಯದು ನಮ್ಮನ್ನು ಕುರಿತ ಮಾತು. ಎರಡನೆಯದು ಸಂಗೀತವನ್ನು ಕುರಿತ ತೀರ್ಪು. ಇವೆರಡರ ನಡುವೆ ಬಹಳ ಅಂತರವಿದೆ.

ಇಂಥ ತೀರ್ಪನ್ನು ನಾನೂ ಕೊಟ್ಟವನೇ. ಕೆಲವು ವರ್ಷಗಳ ಹಿಂದೆ ರಜೆಗೆ ಬಂದಿದ್ದ ನನ್ನ ಮೊಮ್ಮಗನು ಒಂದು ಸಂಜೆ ತನ್ನ ಮೆಚ್ಚಿನ ಸಂಗೀತವೊಂದನ್ನು ಹಾಕಿದನು. ಪಿಯಾನೋದ ನಾಲ್ಕಾರು ಸ್ವರಗಳು, ಬಳಿಕ ಮೌನ, ಮತ್ತೆ ಹೆಚ್ಚುಕಡಮೆ ಅವೇ ಸ್ವರಗಳು. ತಾಳವಿಲ್ಲ, ಹಾಡುವವರಿಲ್ಲ, ಏರಿಳಿತವಿಲ್ಲ. ಐದು ನಿಮಿಷ ತಾಳಿಕೊಂಡು, "ಏನಪ್ಪಾ, ಯಂತ್ರ ಕೆಟ್ಟಿತೇ? ಹಾಡು ಶುರುವಾಗುವುದು ಯಾವಾಗ?" ಎಂದೆ. ಮನೆಮಂದಿಯೆಲ್ಲ ನಕ್ಕರು. ಹುಡುಗನೂ ನಕ್ಕನು, ಆದರೆ ಸಂಗೀತವನ್ನು ನಿಲ್ಲಿಸಿದನು. ಆ ರಜೆ ಮುಗಿಯುವವರೆಗೂ ನನ್ನೆದುರಿಗೆ ಅವನು ಮತ್ತೇನನ್ನೂ ಹಾಕಲಿಲ್ಲ. ಹುಡುಗನೊಬ್ಬನು ತನಗೆ ಪ್ರಿಯವಾದುದನ್ನು ಹಿರಿಯರ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳತೊಡಗಿದರೆ ಅದರ ಅರ್ಥವೇನೆಂಬುದು ಬಹುಕಾಲ ಪಾಠ ಹೇಳಿದವನಿಗೆ ತಿಳಿಯದೆ ಹೋಗುವುದಿಲ್ಲ. ಅದು ಎಂಥ ಸಂಗೀತವೆಂದು ತಿಳಿಯುವ ಮನಸ್ಸು ನನಗೆ ಬಂದದ್ದು ಆಮೇಲೆ.

ಅದು ಬ್ರಯನ್ ಈನೋ ಎಂಬ ಆಂಗ್ಲ ಸಂಗೀತಗಾರನು 1978ರಲ್ಲಿ ಹೊರತಂದ ಕೃತಿ. ಹೆಸರು 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್', ಎಂದರೆ ವಿಮಾನ ನಿಲ್ದಾಣಗಳಿಗಾಗಿ ಸಂಗೀತ. ಇಂಥ ಸಂಗೀತಕ್ಕೆ 'ಆಂಬಿಯೆಂಟ್' ಎಂಬ ಹೆಸರನ್ನು ಆತನೇ ಬಳಕೆಗೆ ತಂದನು. ನಮ್ಮನ್ನು ಸುತ್ತುವರಿದಿರುವ ಆವರಣದಂತೆ ಇರುವುದು ಎಂದು ಅದರ ತಾತ್ಪರ್ಯ. ಕೋಣೆಯ ಬೆಳಕನ್ನು ನಾವು ದಿಟ್ಟಿಸಿ ನೋಡುತ್ತ ಕುಳಿತುಕೊಳ್ಳುವುದಿಲ್ಲ. ಆದರೂ ಬೆಳಕು ಬದಲಾದರೆ ಕೋಣೆಯ ಗುಣವೇ ಬದಲಾಗುತ್ತದೆ. ಸಂಗೀತವೂ ಹಾಗೆ ಇರಬಾರದೇಕೆ ಎಂಬುದು ಈನೋನ ಪ್ರಶ್ನೆ. ಕಿವಿಗೊಟ್ಟವನಿಗೆ ಅದರಲ್ಲಿ ಏನಾದರೂ ಸಿಕ್ಕಬೇಕು; ಕಿವಿಗೊಡದವನನ್ನು ಅದು ಕಾಡಬಾರದು.

ಈ ಯೋಚನೆ ಆತನಿಗೆ ಹೊಳೆದ ಬಗೆ ಸ್ವಾರಸ್ಯವಾದುದು. 1975ರಲ್ಲಿ ಅಪಘಾತವೊಂದರಲ್ಲಿ ಗಾಯಗೊಂಡು ಆತನು ಹಾಸಿಗೆ ಹಿಡಿದಿದ್ದನು. ನೋಡಲು ಬಂದ ಸ್ನೇಹಿತೆಯೊಬ್ಬಳು ಹದಿನೆಂಟನೆಯ ಶತಮಾನದ ಹಾರ್ಪ್ ವಾದ್ಯದ ಧ್ವನಿಮುದ್ರಿಕೆಯನ್ನು ತಂದುಕೊಟ್ಟಳು. ಆಕೆ ಹೋದಮೇಲೆ ಬಹಳ ಕಷ್ಟದಿಂದ ಎದ್ದು ಅದನ್ನು ಹಾಕಿ ಮಲಗಿದನು. ಧ್ವನಿ ತೀರ ಸಣ್ಣದಾಗಿತ್ತು. ಎರಡು ಧ್ವನಿವರ್ಧಕಗಳಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ. ಮತ್ತೆ ಎದ್ದು ಸರಿಪಡಿಸುವಷ್ಟು ತ್ರಾಣವಿಲ್ಲ. ಹೊರಗಿನ ಮಳೆಯ ಸದ್ದಿನ ನಡುವೆ ಆಗೊಂದು ಈಗೊಂದು ಸ್ವರ ಮಾತ್ರ ಕೇಳುತ್ತಿತ್ತು. ಬೇಸರಪಡಬೇಕಾದ ಆ ಸ್ಥಿತಿಯಲ್ಲಿಯೇ, ಮಳೆಯಂತೆ ಬೆಳಕಿನಂತೆ ಪರಿಸರದಲ್ಲಿ ಬೆರೆತ ಸಂಗೀತವೊಂದು ಸಾಧ್ಯವೆಂದು ತನಗೆ ತೋರಿತೆಂದು ಆತನೇ ಬರೆದಿದ್ದಾನೆ. ಅದೇ ಧ್ವನಿಮುದ್ರಿಕೆಯನ್ನು ಆರೋಗ್ಯವಂತನಾಗಿ, ಎರಡೂ ಧ್ವನಿವರ್ಧಕಗಳಲ್ಲಿ ಕೇಳಿದ್ದರೆ ಆತನಿಗೆ ಏನು ತೋರುತ್ತಿತ್ತೋ!

ಈ ಕೃತಿಯ ರಚನೆಯ ಕ್ರಮವೂ ಹೊಸದು. ಅದರ ಎರಡನೆಯ ಭಾಗದಲ್ಲಿ ಕೆಲವು ಕಂಠಸ್ವರಗಳನ್ನು ಬೇರೆಬೇರೆಯಾಗಿ ಟೇಪಿನಲ್ಲಿ ಮುದ್ರಿಸಿ, ಪ್ರತಿಯೊಂದು ಟೇಪಿನ ಎರಡು ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡಿದರು. ಬಳೆಗಳ ಉದ್ದ ಒಂದೇ ಸಮವಲ್ಲ. ಒಂದು ಸ್ವರ ಸುಮಾರು 24 ಸೆಕೆಂಡಿಗೊಮ್ಮೆ ಮರಳಿ ಬಂದರೆ, ಇನ್ನೊಂದು 26 ಸೆಕೆಂಡಿಗೆ, ಮತ್ತೊಂದು 30 ಸೆಕೆಂಡಿಗೆ. ಎಲ್ಲವನ್ನೂ ಒಟ್ಟಿಗೆ ಓಡಿಸಿದಾಗ ಸ್ವರಗಳು ಒಮ್ಮೆ ಕೂಡುತ್ತವೆ, ಒಮ್ಮೆ ಅಗಲುತ್ತವೆ; ಒಮ್ಮೆ ಆದ ಜೋಡಣೆ ಬಹಳ ಹೊತ್ತಿನವರೆಗೆ ಮರಳಿ ಬರುವುದಿಲ್ಲ. ಸಂತೆ ಮುಗಿಸಿಕೊಂಡು ಒಂದೇ ದಾರಿಯಲ್ಲಿ ಹೊರಟ ಹಲವು ಗಾಡಿಗಳ ಎತ್ತಿನ ಕೊರಳಗಂಟೆಗಳನ್ನು ಕೇಳಿದವರಿಗೆ ಇದು ಬೇಗ ಅರ್ಥವಾದೀತು. ಆ ಗಂಟೆಗಳಿಗೆ ಯಾರೂ ತಾಳ ಹಾಕಿದವರಿಲ್ಲ. ಎತ್ತುಗಳ ನಡಗೆಯೇ ಅವುಗಳ ಲೆಕ್ಕ. 1980ರ ದಶಕದಲ್ಲಿ ಕೆಲಕಾಲ ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣದ ಒಂದು ಭಾಗದಲ್ಲಿ ಈ ಸಂಗೀತವನ್ನು ನುಡಿಸಿದ್ದೂ ಉಂಟು.

ಹಾಗಾದರೆ ನನಗೇಕೆ ಬೇಸರವಾಯಿತು? ನಿಧಾನವಾಗಿದ್ದುದರಿಂದಲೆ? ಮಂದ್ರದಲ್ಲಿ ಅರ್ಧ ಗಂಟೆ ಸಾಗುವ ಆಲಾಪನೆಯನ್ನು ನಾನು ಸಂತೋಷವಾಗಿ ಕೇಳಬಲ್ಲೆ. ಯಂತ್ರದ ಧ್ವನಿ ಎಂದೆ? ದಿನವೂ ಬೆಳಗ್ಗೆ ನಾನು ಗುಂಡಿಯೊತ್ತಿ ಕೇಳುವ ತಂಬೂರಿಯೂ ಯಂತ್ರವೇ. ಹಲಸಿನ ಮರದ ಬುರುಡೆಯೂ ತಂತಿಯೂ ಇಲ್ಲದೆ, ವಿದ್ಯುನ್ಮಂಡಲವೊಂದು ತಂತಿಯ ನಾದವನ್ನೂ ಜೀವಾಳದ ದಾರ ಹುಟ್ಟಿಸುವ ಝೇಂಕಾರವನ್ನೂ ಅನುಕರಿಸುತ್ತದೆ. ಇಂಥ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದವರಲ್ಲಿ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಪ್ರಮುಖರು, ಅವರು ಎಂಜಿನಿಯರರೂ ಹೌದು, ಕೊಳಲುವಾದಕರೂ ಹೌದು. ವಿದ್ಯುನ್ಮಾನ ಸಂಗೀತ ನನಗೆ ಆಗದೆಂದು ಹೇಳುವ ಹಕ್ಕು ನನಗೆಲ್ಲಿಯದು?

ಯೋಚಿಸಿದಾಗ ಕಾರಣ ಹೊಳೆಯಿತು. ತಂಬೂರಿಯ ನಾದ ನಮ್ಮ ಪಾಲಿಗೆ ನೆಲಗಟ್ಟು. ಅದು ಮೊಳಗಿದೊಡನೆ ಅದರ ಮೇಲೆ ರಾಗವೊಂದು ಎದ್ದು ನಿಲ್ಲುವುದನ್ನು ನಮ್ಮ ಕಿವಿ ಕಾಯತೊಡಗುತ್ತದೆ. ಈನೋನ ಸಂಗೀತದಲ್ಲಿ ನೆಲಗಟ್ಟೇ ಮನೆ. ಅದರ ಮೇಲೆ ಯಾರೂ ಬರುವುದಿಲ್ಲ. ನಾನು ಬಾರದ ಗಾಯಕನಿಗಾಗಿ ಕಾಯುತ್ತಿದ್ದೆ, ನನ್ನ ಮೊಮ್ಮಗನು ಕಾಯುತ್ತಿರಲಿಲ್ಲ. ಸ್ವರಗಳು ಇಬ್ಬರಿಗೂ ಒಂದೇ. ಕಿವಿಗಳು ಹೊತ್ತು ತಂದಿದ್ದ ನಿರೀಕ್ಷೆ ಬೇರೆ. ಹಳೆಯ ಅಲಂಕಾರಿಕರು ಸಹೃದಯನ ಮನಸ್ಸಿನಲ್ಲಿ ಮೊದಲೇ ನೆಲೆಸಿರುವ ವಾಸನೆ, ಸಂಸ್ಕಾರಗಳನ್ನು ಕುರಿತು ಹೇಳಿದರಷ್ಟೆ. ಅವರು ನೆನೆದದ್ದು ಕಾವ್ಯ ನಾಟಕಗಳನ್ನು. ಆದರೆ ಆ ಮಾತು ಕಿವಿಗೂ ಸಲ್ಲುತ್ತದೆ.

ನಿರೀಕ್ಷೆಯ ಬಲ ಎಷ್ಟೆಂಬುದಕ್ಕೆ ಇನ್ನೊಂದು ಪ್ರಸಂಗ. ಎರಿಕ್ ಸಾಟಿ ಎಂಬ ಫ್ರೆಂಚ್ ಸಂಗೀತಗಾರನು 1920ರಲ್ಲಿ ಪ್ಯಾರಿಸ್ಸಿನಲ್ಲಿ, ಮೇಜು ಕುರ್ಚಿಗಳಂತೆ ಸುಮ್ಮನೆ ಬಿದ್ದಿರಬೇಕಾದ 'ಪೀಠೋಪಕರಣ ಸಂಗೀತ'ವನ್ನು ಪ್ರಯೋಗಿಸಿದನು. ವಿರಾಮದ ವೇಳೆಯಲ್ಲಿ ಅದು ನುಡಿಯುತ್ತಿರಬೇಕು, ಜನ ಗಮನಕೊಡದೆ ಮಾತನಾಡುತ್ತಿರಬೇಕು. ಆದದ್ದೇ ಬೇರೆ. ವಾದ್ಯ ಮೊಳಗಿದೊಡನೆ ಜನರು ಮಾತು ನಿಲ್ಲಿಸಿ ತಮ್ಮ ಆಸನಗಳತ್ತ ನಡೆದರು. ಮಾತನಾಡಿ, ಅಡ್ಡಾಡಿ, ಕೇಳಬೇಡಿ ಎಂದು ಸಾಟಿ ಕೂಗಾಡಿದರೂ ಪ್ರಯೋಜನವಾಗಲಿಲ್ಲ. ಕಚೇರಿಗೆ ಬಂದವರ ಕಿವಿ ಕಚೇರಿಯ ಅಭ್ಯಾಸವನ್ನು ಬಿಡಲೊಲ್ಲದು.

ಅಭ್ಯಾಸವು ರುಚಿಯನ್ನು ಬೆಳೆಸುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರೂ ಪರೀಕ್ಷಿಸಿದ್ದಾರೆ. ಅಮೆರಿಕದ ರಾಬರ್ಟ್ ಜಾಯಾನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥವೇ ತಿಳಿಯದ ಪದಗಳು ಮತ್ತು ಲಿಪಿಚಿಹ್ನೆಗಳು ಹೆಚ್ಚು ಸಲ ಕಣ್ಣಿಗೆ ಬಿದ್ದಷ್ಟೂ ಜನರಿಗೆ ಹೆಚ್ಚು ಹಿತವಾಗಿ ತೋರಿದುವು. 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಆಳಕ್ಕೆ ಹೋಗುತ್ತದೆ. ಕೆಲವು ಸ್ವರಗಳು ಕೂಡಿದರೆ ಇಂಪು, ಕೆಲವು ಕೂಡಿದರೆ ಕರ್ಕಶ ಎಂಬುದು ಹುಟ್ಟುಗುಣವೆಂದು ಹಲವರು ನಂಬಿದ್ದರು. ಪಾಶ್ಚಾತ್ಯ ಸಂಗೀತದ ಸೋಂಕು ಬಹಳ ಕಡಮೆಯಿರುವ, ಬೊಲಿವಿಯಾ ದೇಶದ ಕಾಡಿನ ಚಿಮಾನೆ ಜನರಿಗೆ ಎರಡು ಬಗೆಯವನ್ನೂ ಕೇಳಿಸಿದಾಗ, ಅವರು ಎರಡನ್ನೂ ಸಮವಾಗಿಯೇ ಮೆಚ್ಚಿದರು! ಅದೇ ದೇಶದ ಪಟ್ಟಣಿಗರು ಮಾತ್ರ 'ಇಂಪಾದ' ಜೋಡಣೆಗಳ ಕಡೆಗೆ ವಾಲಿದರು.

ಹೊಸ ಧ್ವನಿಗೆ ಹಳೆಯ ಕಿವಿ ಒಗ್ಗುವುದಕ್ಕೆ ಒಂದು ಆಸರೆ ಬೇಕು. 1968ರಲ್ಲಿ ವೆಂಡಿ ಕಾರ್ಲೋಸ್ ಎಂಬ ಕಲಾವಿದೆ, ರಾಬರ್ಟ್ ಮೂಗ್ ನಿರ್ಮಿಸಿದ ಸಿಂಥಸೈಜರ್ ಯಂತ್ರದಲ್ಲಿ ಹದಿನೆಂಟನೆಯ ಶತಮಾನದ ಬಾಕ್‌ನ ಕೃತಿಗಳನ್ನು ನುಡಿಸಿ ಪ್ರಕಟಿಸಿದಳು. ಅದು ಅಪಾರವಾಗಿ ಮಾರಾಟವಾಯಿತು. ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದುವು. ಧ್ವನಿ ಅಪರಿಚಿತವಾದರೂ ರಾಗ ಪರಿಚಿತ; ಕೇಳುವವನ ಒಂದು ಕಾಲು ಗಟ್ಟಿನೆಲದ ಮೇಲಿತ್ತು. ಇಂಥ ಆಸರೆಯಿಲ್ಲದೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಮೂಗ್ ಯಂತ್ರದೊಡನೆ ವಿದ್ಯುನ್ಮಾನ ಸಂಗೀತದ ಸ್ಟುಡಿಯೋ ಒಂದು ಆರಂಭವಾಯಿತು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ದುಡಿದರು. ಅವರ ಟೇಪುಗಳು ದಶಕಗಳ ಕಾಲ ಕೇಳುವವರಿಲ್ಲದೆ ಉಳಿದು, ಆಯ್ದ ಕೆಲವು 2023ರಲ್ಲಿ ಹೊರಬಂದುವು. ನಮ್ಮವರೇ ಮಾಡಿದ ಕೆಲಸ ನಮ್ಮ ಕಿವಿಗೆ ಬೀಳಲು ಅರ್ಧ ಶತಮಾನ ಬೇಕಾಯಿತೆಂಬುದು ನನಗೆ ಖೇದದ ಸಂಗತಿ.

ರುಚಿ ಬೇರೆಯೆಂದಮಾತ್ರಕ್ಕೆ ಎಲ್ಲವೂ ಒಂದೇ ತೂಕದ್ದೆಂದು ನಾನು ಹೇಳುತ್ತಿಲ್ಲ. ಆಂಬಿಯೆಂಟ್ ಎಂಬ ಹೆಸರಿನಲ್ಲಿ ಬರುವ ಎಷ್ಟೋ ಸಂಗೀತ ಬರಿಯ ಸೋಮಾರಿತನ. ಆದರೆ ಅದನ್ನು ಹೇಳಬೇಕಾದರೆ ಆ ಬಗೆಯ ಹತ್ತು ಕೃತಿಗಳನ್ನಾದರೂ ಕೇಳಿರಬೇಕು. ನಾನು ಅಂದು ಕೇಳಿದ್ದು ಐದು ನಿಮಿಷ.

ಮುಂದಿನ ರಜೆಯಲ್ಲಿ ನಾನಾಗಿಯೇ ಮೊಮ್ಮಗನನ್ನು ಕೇಳಿದೆ. ಅವನು ಅನುಮಾನದಿಂದಲೇ ಹಾಕಿದನು. "ಹಾಡಿಗಾಗಿ ಕಾಯಬೇಡಿ ತಾತ, ನಿಮ್ಮ ಪುಸ್ತಕ ಓದುತ್ತಿರಿ" ಎಂದನು. ಓದಿದೆ. ಸಂಗೀತವಿದೆಯೆಂಬುದೇ ಮರೆತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮನೆಯಲ್ಲಿ ಏನೋ ಕಡಮೆಯಾದಂತೆ ತೋರಿ ತಲೆಯೆತ್ತಿದೆ. ಮೊದಲ ಭಾಗ ಆಗತಾನೆ ಮುಗಿದಿತ್ತು. ಎರಡನೆಯ ಭಾಗದ ಆ ಕಂಠಸ್ವರಗಳು ಮಾತ್ರ ನನಗೆ ಇಂದಿಗೂ ಹಿಡಿಸಿಲ್ಲ. ಅದು ಅವನಿಗೂ ಗೊತ್ತು.