ಹಬ್ಬದ ಬೀರಿಗೆ ನಮ್ಮ ತೋಟದ ಮಸಾಲೆ: ಎಷ್ಟು, ಯಾವಾಗ?

ಡಿಸೆಂಬರ್ ಹತ್ತಿರವಾದಂತೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಕೆಲವರು ಒಂದೇ ಬಗೆಯ ಪ್ರಶ್ನೆ ಕೇಳುತ್ತಿದ್ದಾರೆ. ಹೊರದೇಶದಲ್ಲಿರುವ ಮಗನೋ ಅಳಿಯನೋ ಕ್ರಿಸ್‌ಮಸ್ ರಜೆಗೆ ಮನೆಯಲ್ಲೇ ಬೀರು ತಯಾರಿಸುತ್ತಾನೆ. ಅದಕ್ಕೆ ಊರಿನ ಏಲಕ್ಕಿ, ಮೆಣಸು, ಲವಂಗ ಬೇಕೆಂದು ಹೇಳಿ ಕಳುಹಿಸಿದ್ದಾನೆ. ಎಷ್ಟು ಕಳುಹಿಸಬೇಕು, ಅವನು ಅದನ್ನು ಯಾವಾಗ ಹಾಕಬೇಕು? ಬೆಳೆಗಾರರ ಪತ್ರಿಕೆಯಲ್ಲಿ ಬೀರಿನ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಬೀರು ಅವರದಾದರೂ ಮಸಾಲೆ ನಮ್ಮದು. ಕೆಟ್ಟರೆ ಹೆಸರು ಕೆಡುವುದೂ ನಮ್ಮ ತೋಟದ್ದೇ.

ಮೊದಲು ಕಾನೂನಿನ ಮಾತು. ಕರ್ನಾಟಕ ಅಬಕಾರಿ ಕಾಯಿದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆಮಟ್ಟಿಗೆ, ಹಬ್ಬಕ್ಕೆ ಎಂದರೂ ನಡೆಯದು. ಇಂಗ್ಲೆಂಡಿನಲ್ಲಿ 1963ರಿಂದ ಪರವಾನಗಿಯಿಲ್ಲದೆ ಮನೆಬಳಕೆಗೆ ಬೀರು ಮಾಡಿಕೊಳ್ಳಬಹುದು. ಅಮೆರಿಕದಲ್ಲಿ 1978ರಲ್ಲಿ ಆದ ಕಾನೂನು ಇದಕ್ಕೆ ಅವಕಾಶ ಕೊಟ್ಟಿತು. ಆದ್ದರಿಂದ ಮುಂದೆ ಹೇಳುವ ಬೀರಿನ ಲೆಕ್ಕ ಅಲ್ಲಿರುವ ಮಕ್ಕಳಿಗೆ. ಇಲ್ಲಿರುವ ನಾವು ಅದೇ ತಿಳಿವಳಿಕೆಯನ್ನು ಪಾನಕಕ್ಕೂ ಬೇವಿಗೂ ಬಳಸಿಕೊಳ್ಳಬಹುದು.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇವೆ. ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗನಿಗೆ ಎರಡು ವರ್ಷಗಳ ಹಿಂದೆ ಲವಂಗ, ಚಕ್ಕೆ, ಏಲಕ್ಕಿಯ ಪೊಟ್ಟಣ ಕಳುಹಿಸಿದೆವು. ಅವನು 20 ಲೀಟರ್ ಬೀರಿಗೆ ಒಂದು ಹಿಡಿ ಲವಂಗವನ್ನು ಮೊದಲ ದಿನವೇ ಸುರಿದುಬಿಟ್ಟ. ಊರಿನ ಲವಂಗವೆಂಬ ಪ್ರೀತಿ! ಮೂರು ದಿನವಾದರೂ ಹುಳಿ ಏಳಲಿಲ್ಲ. ಎದ್ದ ಮೇಲೆ ಪೀಪಾಯಿಯ ಮುಚ್ಚಳ ತೆಗೆದರೆ ಹಲ್ಲುನೋವಿನ ಎಣ್ಣೆಯ ವಾಸನೆ. ಒಂದು ತಿಂಗಳು ಇಟ್ಟು ನೋಡಿದರೂ ಇಳಿಯಲಿಲ್ಲ. ಹಬ್ಬದ ಹಿಂದಿನ ದಿನ ಅಷ್ಟನ್ನೂ ಬಚ್ಚಲಿಗೆ ಚೆಲ್ಲಿದ. ಅವನು ಫೋನಿನಲ್ಲಿ ನಮ್ಮನ್ನು ದೂರಲಿಲ್ಲ, ದೂರಿದ್ದರೆ ಒಪ್ಪಿಕೊಳ್ಳುತ್ತಿದ್ದೆವು. ಮಸಾಲೆ ಕಳುಹಿಸಿದ ನಾವು ಅಳತೆ ಕಳುಹಿಸಿರಲಿಲ್ಲ.

ಹೀಗೇಕಾಯಿತು ಎಂಬುದು ಕಾಫಿ ಬೆಳೆಗಾರರಿಗೆ ಬೇಗ ಅರ್ಥವಾಗುವ ಸಂಗತಿ. ಪಲ್ಪ್ ಮಾಡಿದ ಕಾಫಿಯನ್ನು ತೊಟ್ಟಿಯಲ್ಲಿ ಬಿಟ್ಟಾಗ ಲೋಳೆ ಕರಗುವುದು ಕಣ್ಣಿಗೆ ಕಾಣದ ಜೀವಿಗಳ ಕೆಲಸದಿಂದ. ಬೀರಿನಲ್ಲಿಯೂ ಅಷ್ಟೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ನೀರು ಬಸಿಯುತ್ತಾರೆ. ಅದನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕುತ್ತಾರೆ. ಒಂದೆರಡು ವಾರದಲ್ಲಿ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಉಂಟುಮಾಡುತ್ತದೆ. ಲವಂಗದ ಯೂಜಿನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್ ಇವು ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವ ಎಣ್ಣೆಗಳು. ಉಪ್ಪಿನಕಾಯಿ ಕೆಡದಂತೆ ಕಾಯುವ ಗುಣವೇ ಇಲ್ಲಿ ಯೀಸ್ಟಿನ ಕತ್ತು ಹಿಸುಕುತ್ತದೆ. ಅದೂ ಅಲ್ಲದೆ ಈ ಎಣ್ಣೆಗಳು ನೀರಿಗಿಂತ ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತವೆ. ಬೀರು ಬಲಿತಂತೆಲ್ಲ ಲವಂಗ ಇನ್ನಷ್ಟು ಬಿಟ್ಟುಕೊಡುತ್ತಲೇ ಹೋಗುತ್ತದೆ. ಹಾಕಿದ್ದನ್ನು ಹೊರಗೆ ತೆಗೆಯಬಹುದು, ಕರಗಿದ್ದನ್ನು ತೆಗೆಯಲಾಗದು.

ಮಸಾಲೆಯನ್ನು ಕೊನೆಗೆ ಹಾಕಬೇಕೆಂಬ ಪಾಠವನ್ನು ನಮಗೆ ಸರಿಯಾಗಿ ಕಲಿಸಿದ್ದು ಬೀರಿನವರಲ್ಲ, ಯಾದಗಿರಿ ಜಿಲ್ಲೆಯ ಬೋನಾಳದ ಒಂದು ಮನೆ. ಸುರಪುರ ತಾಲೂಕಿನ ಈ ಊರಿನ ದೊಡ್ಡ ಕೆರೆ ಪಕ್ಷಿಧಾಮವೆಂದು ಹೆಸರಾದದ್ದು. ಕಳೆದ ಯುಗಾದಿಗೆ ಪರಿಚಯದವರ ಮನೆಗೆ ಹೋಗಿದ್ದೆವು. ನಮ್ಮ ಕಡೆ ಬೇವು-ಬೆಲ್ಲವೆಂದರೆ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುವುದು. ಆ ಸೀಮೆಯಲ್ಲಿ ಬೇವು ಎಂದರೆ ಲೋಟ ತುಂಬ ಕುಡಿಯುವ ಪಾನೀಯ. ಹೊಸ ಮಣ್ಣಿನ ಗಡಿಗೆಯಲ್ಲಿ ಹುಣಿಸೆ ರಸ, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಗಸಗಸೆ, ಒಣಕೊಬ್ಬರಿ, ಉತ್ತತ್ತಿ, ಬೇವಿನ ಹೂವು ಎಲ್ಲ ಬಿದ್ದವು. ಮಲೆನಾಡಿನಿಂದ ನಾವು ಒಯ್ದಿದ್ದ ಏಲಕ್ಕಿ ಮಾತ್ರ ಪಕ್ಕದಲ್ಲೇ ಕುಳಿತಿತ್ತು. ನಾವು ಅದನ್ನು ಎತ್ತಿಕೊಡಹೋದರೆ ಮನೆಯ ಅಜ್ಜಿ ತಡೆದರು: "ಈಗs ಬ್ಯಾಡ್ರಿ. ಯಾಲಕ್ಕಿ ಕಡೀಕ. ಮೊದಲs ಹಾಕಿದ್ರ ವಾಸನಿ ಹಾರಿ ಹೋಗ್ತದ, ಒಗರು ಅಷ್ಟ ಉಳೀತದ." ಬೆಲ್ಲ ಪೂರ್ತಿ ಕರಗಿದ ಮೇಲೆ ನಾಲ್ಕೈದು ಏಲಕ್ಕಿಯ ಬೀಜಗಳನ್ನಷ್ಟೇ ಜಜ್ಜಿ ಹಾಕಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದರು. ಆರೇಳು ಲೀಟರಿಗೆ ಅಷ್ಟೇ. ಮಧ್ಯಾಹ್ನ ಬಟ್ಟೆ ಬಿಚ್ಚಿದಾಗ ಪಡಸಾಲೆಯೆಲ್ಲ ಪರಿಮಳ.

ಅಜ್ಜಿಯ ಮಾತಿನಲ್ಲಿ ರಸಾಯನಶಾಸ್ತ್ರವೇ ಇದೆ. ಏಲಕ್ಕಿಯ ಪರಿಮಳ ಹಗುರವಾದ ಎಣ್ಣೆ. ಕುದಿತಕ್ಕೆ ಹಬೆಯೊಡನೆ ಹೋಗುತ್ತದೆ, ಹುಳಿಯೇಳುವಾಗ ಗುಳ್ಳೆಗಳೊಡನೆಯೂ ಹಾರುತ್ತದೆ. ಎಣ್ಣೆ ಇರುವುದು ಹೆಚ್ಚಾಗಿ ಬೀಜದಲ್ಲಿ; ಸಿಪ್ಪೆಯಿಂದ ಬರುವುದು ಒಗರು. ಆದ್ದರಿಂದ ಬೀರಿಗೆ ಏಲಕ್ಕಿ, ಲವಂಗ, ಚಕ್ಕೆಗಳನ್ನು ಹಾಕಬೇಕಾದದ್ದು ಹುಳಿಯೇಳುವುದು ಮುಗಿದ ಮೇಲೆ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ. ಬಟ್ಟೆಯನ್ನೂ ದಾರವನ್ನೂ ಮೊದಲು ಕುದಿಯುವ ನೀರಿನಲ್ಲಿ ಅದ್ದಿರಬೇಕು. ಮೂರನೆಯ ದಿನದಿಂದ ನಿತ್ಯ ಒಂದು ಗುಟುಕು ರುಚಿ ನೋಡಿ, ಸಾಕೆನಿಸುವುದಕ್ಕೆ ಸ್ವಲ್ಪ ಮೊದಲೇ ಗಂಟನ್ನು ಎತ್ತಿಬಿಡಬೇಕು.

ಅಳತೆ 20 ಲೀಟರಿಗೆ ಹೀಗಿರಲಿ. ಲವಂಗ ಮೂರು ಅಥವಾ ನಾಲ್ಕು ಮೊಗ್ಗು, ಹಿಡಿಯಲ್ಲ. ಚಕ್ಕೆ ಮೂರು ಅಂಗುಲದ ಒಂದು ತುಂಡು. ಏಲಕ್ಕಿ ಎಂಟು ಹತ್ತು ಕಾಯಿಯ ಬೀಜ. ಜಾಯಿಕಾಯಿಯನ್ನು ಕಾಲು ಭಾಗಕ್ಕಿಂತ ಹೆಚ್ಚು ತುರಿಯಬಾರದು. ಅತಿಯಾದರೆ ಅದು ಮೈಗೂ ತಲೆಗೂ ಕೆಡುಕು. ಕರಿಮೆಣಸು ದಪ್ಪಗೆ ಜಜ್ಜಿದ್ದು ಐದು ಗ್ರಾಂ. ಮೆಣಸಿನ ಖಾರವಾದ ಪೈಪರಿನ್ ನೀರಿನಲ್ಲಿ ಹೆಚ್ಚು ಕರಗದು, ಮದ್ಯಸಾರದಲ್ಲಿ ಕರಗುತ್ತದೆ. ಹೀಗಾಗಿ ಪಾನಕದಲ್ಲಿ ಸೌಮ್ಯವಾಗಿದ್ದ ಅಳತೆ ಬೀರಿನಲ್ಲಿ ಗಂಟಲು ಹಿಡಿಯುತ್ತದೆ.

ಶುಂಠಿಯದು ಬೇರೆ ದಾರಿ. ಹಸಿಶುಂಠಿಯ ಬಿಲ್ಲೆಗಳನ್ನು, ಸುಮಾರು 30 ಗ್ರಾಂ, ಕುದಿತ ಮುಗಿಯಲು ಹತ್ತು ನಿಮಿಷವಿರುವಾಗ ಹಾಕಬಹುದು. ಒಣಶುಂಠಿಯಾದರೆ ಅದರ ಮೂರನೆಯ ಒಂದು ಭಾಗವೂ ಬೇಡ. ಒಣಗುವಾಗ ಜಿಂಜರಾಲ್ ಎಂಬ ಅಂಶ ಶೋಗಾಲ್ ಆಗಿ ಮಾರ್ಪಟ್ಟು ಖಾರ ತೀಕ್ಷ್ಣವಾಗುತ್ತದೆ. ಕೊತ್ತಂಬರಿ ಬೀಜವನ್ನೂ ಕಿತ್ತಳೆ ಸಿಪ್ಪೆಯನ್ನೂ ಕುದಿತದ ಕೊನೆಗೆ ಹಾಕುವುದು ಬೆಲ್ಜಿಯಂ ದೇಶದ ಗೋಧಿ ಬೀರಿನ ಹಳೆಯ ಪದ್ಧತಿ. ಅಳಿದೇಹೋಗಿದ್ದ ಆ ಬೀರನ್ನು ಹೂಗಾರ್ಡನ್ ಎಂಬ ಊರಿನಲ್ಲಿ ಪಿಯರ್ ಸೆಲಿಸ್ ಎಂಬಾತ 1966ರಲ್ಲಿ ಮತ್ತೆ ಆರಂಭಿಸಿದ. ಬವೇರಿಯದವರು 1516ರಲ್ಲೇ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಕೂಡದೆಂದು ಕಟ್ಟಳೆ ಮಾಡಿದ್ದರು. ಅವರ ದೇಶದಲ್ಲಿ ಏಲಕ್ಕಿ ಬೆಳೆಯುವುದಿಲ್ಲವಲ್ಲ! ನಮ್ಮವರು 15 ಗ್ರಾಂ ಕೊತ್ತಂಬರಿ ಬೀಜಕ್ಕೆ ಅಷ್ಟೇ ತೂಕದ ಒಣಗಿದ ಕೊಡಗಿನ ಕಿತ್ತಳೆಯ ಸಿಪ್ಪೆ ಸೇರಿಸಲಿ. ಒಳಗಿನ ಬಿಳಿಯ ಭಾಗವನ್ನು ಕೆರೆದುಹಾಕಿರಬೇಕು, ಅದು ಕಹಿ.

ಕಾಫಿಯನ್ನು ಮರೆಯುವುದುಂಟೆ? ಕಪ್ಪು ಬೀರಿಗೆ ಕಾಫಿ ಬಹಳ ಹೊಂದುತ್ತದೆ. ಹುರಿದು ದಪ್ಪಗೆ ಪುಡಿಮಾಡಿದ 100 ಗ್ರಾಂ ಕಾಫಿಯನ್ನು ಗಂಟು ಕಟ್ಟಿ, ಬೀರು ಹುಳಿಯೆದ್ದು ತಣ್ಣಗಾದ ಮೇಲೆ ಒಂದು ಹಗಲು ಒಂದು ರಾತ್ರಿ ಇಳಿಬಿಟ್ಟರೆ ಸಾಕು. ಚಿಕೋರಿ ಬೆರೆಸಿರಬಾರದು. ಅಡಿಕೆಯನ್ನೂ ಹಾಕಬಹುದೇ ಎಂದು ಸದಸ್ಯರೊಬ್ಬರು ಕೇಳಿದ್ದಾರೆ. ದಯವಿಟ್ಟು ಬೇಡ. ಬರುವುದು ಬರೀ ಒಗರು. ಅಡಿಕೆಯ ಅಮಲನ್ನು ಮದ್ಯದ ಜೊತೆ ಕೂಡಿಸುವುದು ಆರೋಗ್ಯಕ್ಕೂ ಸಲ್ಲದು.

ಇಷ್ಟು ಅಳತೆಯ ಮೇಲೂ ಧೈರ್ಯ ಸಾಲದವರಿಗೆ ಅರ್ಕದ ಉಪಾಯವಿದೆ. ಜಜ್ಜಿದ ಮಸಾಲೆಯನ್ನು ಅದು ಮುಳುಗುವಷ್ಟು ವೋಡ್ಕಾದಲ್ಲಿ ಒಂದು ವಾರ ನೆನೆಸಿ ಸೋಸಿಡುವುದು. ಬಳಿಕ 200 ಮಿಲಿಲೀಟರ್ ಬೀರನ್ನು ಲೋಟಕ್ಕೆ ಬಗ್ಗಿಸಿ, ಅರ್ಕವನ್ನು ಹನಿ ಹನಿಯಾಗಿ ಹಾಕಿ ರುಚಿ ನೋಡುವುದು. ಮೂರು ಹನಿಗೆ ಹದ ಬಂತೆನ್ನಿ. 20 ಲೀಟರ್ ಎಂದರೆ ಅಂಥ ನೂರು ಲೋಟ; 300 ಹನಿ, ಅಂದರೆ ಸುಮಾರು 15 ಮಿಲಿಲೀಟರ್. ಕೆಟ್ಟರೆ ಒಂದು ಲೋಟ ಕೆಟ್ಟೀತು. ಪಾನಕಕ್ಕೆ ಇದೇ ಕೆಲಸವನ್ನು ಗಟ್ಟಿ ಬೆಲ್ಲದ ಪಾಕದಲ್ಲಿ ಮಾಡಬಹುದು: ಉಗುರುಬೆಚ್ಚಗಿನ ಪಾಕಕ್ಕೆ ಮಸಾಲೆ ಹಾಕಿ, ಮುಚ್ಚಿಟ್ಟು, ಬೇಕಾದಷ್ಟು ಬೆರೆಸಿಕೊಳ್ಳುವುದು.

ಇನ್ನು ಕಳುಹಿಸುವ ಮಸಾಲೆಯ ವಿಷಯ. ಅಡಿಗೆಯಲ್ಲಿ ಒಗ್ಗರಣೆಯ ಬಿಸಿಗೆ ಮುಚ್ಚಿಹೋಗುವ ದೋಷ ಇಲ್ಲಿ ಮುಚ್ಚಿಹೋಗದು. ಗೂಡಿನಲ್ಲಿ ಹೊಗೆ ಹಿಡಿದ ಏಲಕ್ಕಿಯ ವಾಸನೆ, ಅರೆಬರೆ ಒಣಗಿದ ಮೆಣಸಿನ ಬೂಸಲು ಎರಡೂ ಬೀರಿನಲ್ಲಿ ಎದ್ದು ಕಾಣುತ್ತವೆ. ಮೆಣಸು ಶೇಕಡಾ 11ಕ್ಕಿಂತ ಹೆಚ್ಚು ತೇವ ಹಿಡಿದಿರಬಾರದು. ಜಾಯಿಕಾಯಿ ಓಡಿನೊಳಗೆ ಗಲಗಲ ಎನ್ನುವವರೆಗೆ ಒಣಗಿರಲಿ, ಓಡಿನೊಡನೆಯೇ ಹೋಗಲಿ. ಚಕ್ಕೆಯಲ್ಲಿ ತೆಳುವಾದ ಹಲವು ಪದರ ಸುತ್ತಿಕೊಂಡು ಬೆರಳಿಗೆ ಪುಡಿಯಾಗುವುದು ನಿಜವಾದ ದಾಲ್ಚಿನ್ನಿ. ದಪ್ಪಗೆ ಒಂದೇ ಪದರವಿರುವುದು ಕ್ಯಾಸಿಯ, ಅದರ ಖಾರ ಒರಟು. ಯಾವುದನ್ನೂ ಪುಡಿಮಾಡಿ ಕಳುಹಿಸಬೇಡಿ. ದಾರಿಯಲ್ಲೇ ಪರಿಮಳ ಮುಗಿದಿರುತ್ತದೆ. ಆಯಾ ದೇಶದ ಸುಂಕದವರು ಏನೇನನ್ನು ಬಿಡುತ್ತಾರೆಂದು ಮಕ್ಕಳನ್ನೇ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಾವು ಈ ಸಲ ಅಣ್ಣನ ಮಗನಿಗೆ ಕಳುಹಿಸಿದ್ದು ಹತ್ತು ಲವಂಗ, ಇಪ್ಪತ್ತು ಏಲಕ್ಕಿ, ಎರಡು ತುಂಡು ಚಕ್ಕೆ, ಜೊತೆಗೊಂದು ಅಳತೆಯ ಚೀಟಿ. ನಾಲ್ಕು ಲವಂಗ ಹಾಕಿ ಐದನೆಯ ದಿನ ಗಂಟು ಎತ್ತಿದೆನೆಂದು ಹೋದ ವಾರ ತಿಳಿಸಿದ್ದಾನೆ. ಉಳಿದ ಏಲಕ್ಕಿಯನ್ನು ಯುಗಾದಿಯ ಬೇವಿಗೆ ತೆಗೆದಿರಿಸಿದ್ದಾನಂತೆ. ಬೋನಾಳದ ಅಜ್ಜಿ ಹೇಳಿದ ಕ್ರಮವನ್ನು ಬರೆದು ಕಳುಹಿಸಿ ಎಂದಿದ್ದಾನೆ.