ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳ ದಿನಚರಿ

‘ಮಗಳು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ’ ಎಂದೊಡನೆ ಮಾಟುಂಗ, ಡೊಂಬಿವಲಿಗಳ ನಮ್ಮ ಬಂಧುಬಳಗದಲ್ಲಿ ಏಳುವ ಮೊದಲ ಪ್ರಶ್ನೆ ‘ಯಾವಾಗ ಮುಗಿಯುತ್ತದೆ?’ ಎಂಬುದು. ಸಂಜೆಯೊಳಗೆ ಅಂದಿನ ಲೆಕ್ಕ ತಾಳೆಯಾಗಲೇಬೇಕಾದ ಬ್ಯಾಂಕಿನಲ್ಲಿ ದುಡಿಯುವ ನಮಗೂ ಈ ಪ್ರಶ್ನೆ ಸಹಜವೇ. ಆದರೆ ಆ ಬದುಕಿನ ಲೆಕ್ಕ ಬೇರೆ ಬಗೆಯದು. ನಮ್ಮದೇ ನಗರದ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ವಿವರಿಸಬಯಸುತ್ತೇವೆ. (ಹೋಮಿ ಭಾಭಾ ಅವರು 1945ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ತನ್ನ ಮೊದಲ ತಿಂಗಳುಗಳನ್ನು ಕಳೆದದ್ದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಸಂತಸದ ವಿಷಯ.)

ಆರಂಭದಲ್ಲಿ ಪಾಠ, ಪರೀಕ್ಷೆಗಳಿರುತ್ತವೆ. ಅಲ್ಲಿಯವರೆಗೆ ಮನೆಯವರಿಗೂ ಎಲ್ಲವೂ ಅರ್ಥವಾಗುತ್ತದೆ. ಮಾರ್ಗದರ್ಶಕರು ದೊರೆತ ಮೇಲೆ ಅಂಕಗಳೂ ಇಲ್ಲ, ವೇಳಾಪಟ್ಟಿಯೂ ಇಲ್ಲ.

ಪ್ರಯೋಗದಲ್ಲಿ ತೊಡಗಿದವರ ಹೆಚ್ಚಿನ ಕಾಲ ದುರಸ್ತಿಯಲ್ಲೇ ಕಳೆಯುತ್ತದೆ. ಅತಿಶೈತ್ಯದಲ್ಲಿ ಒಂದು ವಸ್ತುವಿನ ಗುಣ ಅಳೆಯಬೇಕಾದರೆ ದ್ರವ ಹೀಲಿಯಂ ಬೇಕು. ಅದರ ಉಷ್ಣತೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್. ಅಷ್ಟು ತಣ್ಣಗಾಗಿಸುವ ಮುನ್ನ ಉಪಕರಣದ ಒಳಗಿನ ಗಾಳಿಯನ್ನೆಲ್ಲ ಹೊರತೆಗೆಯಬೇಕು. ಕೂದಲೆಳೆಯಷ್ಟು ಸೋರಿಕೆಯಿದ್ದರೂ ಕೆಲಸ ಕೆಟ್ಟಂತೆಯೇ. ಆಗ ಪ್ರತಿಯೊಂದು ಜೋಡಣೆಯ ಮೇಲೂ ಹೀಲಿಯಂ ಅನಿಲವನ್ನು ಸಣ್ಣಗೆ ಹಾಯಿಸಿ, ಶೋಧಕ ಯಂತ್ರದ ಮುಳ್ಳು ಎಲ್ಲಿ ಅಲುಗುತ್ತದೆಂದು ಕಾಯುತ್ತ ಕೂರಬೇಕು. ಇದರಲ್ಲೇ ಒಂದು ವಾರ ಹೋದರೂ ಅಚ್ಚರಿಯಿಲ್ಲ. ‘ಈ ವಾರ ಏನು ಮಾಡಿದೆ?’ ಎಂದು ತಾಯಿ ಕೇಳಿದರೆ ‘ತೂತು ಹುಡುಕಿದೆ’ ಎಂದು ಹೇಳುವುದಾದರೂ ಹೇಗೆ! ಅಲ್ಲಿನ ಪೆಲೆಟ್ರಾನ್ ವೇಗವರ್ಧಕದಲ್ಲಿ ಪ್ರಯೋಗ ನಡೆಸುವವರದು ಇನ್ನೊಂದು ಪಾಡು. ಯಂತ್ರ ಹಗಲಿರುಳೂ ಓಡುತ್ತದೆ. ತಮಗೆ ದೊರೆತ ಕೆಲವೇ ದಿನಗಳನ್ನು ಪಾಳಿಯ ಮೇಲೆ ನಿದ್ದೆಗೆಟ್ಟು ಬಳಸಿಕೊಳ್ಳಬೇಕು.

ಸಿದ್ಧಾಂತದ ವಿದ್ಯಾರ್ಥಿಗಳಿಗೆ ಯಂತ್ರಗಳ ಕಾಟವಿಲ್ಲ. ಬೆಳಗ್ಗೆ ಹೊಸ ಲೇಖನಗಳ ಓದು, ಬಳಿಕ ಕರಿಹಲಗೆ, ಕಂಪ್ಯೂಟರ್, ಚಹಾದ ಜೊತೆ ಚರ್ಚೆ. ತಿಂಗಳುಗಟ್ಟಲೆ ಬೆಳೆಸಿದ ಲೆಕ್ಕದಲ್ಲಿ ಒಂದು ಚಿಹ್ನೆ ತಪ್ಪಿದ್ದರೆ ಮತ್ತೆ ಮೊದಲಿನಿಂದ.

ಹಣದ ವಿಷಯವನ್ನು ಮುಚ್ಚಿಡಬೇಕಾಗಿಲ್ಲ. ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ನಿಗದಿಪಡಿಸಿದ ಶಿಷ್ಯವೇತನ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ವಸತಿನಿಲಯದಲ್ಲಿರುವವರಿಗೆ ಇದು ಸಾಕಾಗುತ್ತದೆ. ಸಂಸಾರ ಹೂಡಲು ಮುಂಬಯಿಯಲ್ಲಿ ಸಾಲದು. ಅದಕ್ಕಿಂತ ಕಳವಳದ ಸಂಗತಿಯೆಂದರೆ, ಈ ವೇತನ ಸಾಮಾನ್ಯವಾಗಿ ಐದು ವರ್ಷಗಳಿಗೆ; ಮಹಾಪ್ರಬಂಧ ಆರನೆಯ ವರ್ಷಕ್ಕೆ ಜಾರುವುದು ಅಪರೂಪವಲ್ಲ. ಆಗ ‘ಯಾವಾಗ ಮುಗಿಯುತ್ತದೆ?’ ಎಂದು ಕೇಳುವವರಿಗಿಂತ ಉತ್ತರಿಸಬೇಕಾದವರಿಗೇ ಚಿಂತೆ ಹೆಚ್ಚು.

ಮುಗಿದ ಮೇಲೂ ನೇರ ನೌಕರಿಯಿಲ್ಲ. ಎರಡು ಮೂರು ವರ್ಷಗಳ ತಾತ್ಕಾಲಿಕ ಸಂಶೋಧಕ ಹುದ್ದೆ, ಬಹುಶಃ ಪರದೇಶದಲ್ಲಿ. ಅಂಥ ಅನೇಕ ಹುದ್ದೆಗಳಿಗೆ ಅರ್ಜಿ ಸಲ್ಲಿಸುವ ಕಾಲ ದೀಪಾವಳಿಯ ಆಸುಪಾಸಿನಲ್ಲೇ ಬರುತ್ತದೆ. ಹಬ್ಬದೂಟಕ್ಕೆ ಬಂದ ಮಗಳು ಎಲೆಯ ಮುಂದೆ ಕುಳಿತೂ ಫೋನು ನೋಡುತ್ತಿದ್ದರೆ ಕಾರಣ ಅದೇ ಇರಬಹುದು.