ಒಲೆ ಹಚ್ಚದ ರಾತ್ರಿಯೂಟ

ಏಪ್ರಿಲ್ ಬಂತೆಂದರೆ ದಾವಣಗೆರೆಯ ನಮ್ಮ ತಾರಸಿ ರೂಮು ರಾತ್ರಿ ಎಂಟಾದರೂ ಕಾದ ಹೆಂಚು. ಬಿ.ಇ. ಓದುವ ಮೂವರಲ್ಲಿ ಗ್ಯಾಸ್ ಹಚ್ಚಲು ಯಾರಿಗೂ ಮನಸ್ಸಿಲ್ಲ. ದಿನಾ ಹೋಟೆಲಿಗೆ ಹೋದರೆ ತಿಂಗಳ ಹದಿನೈದಕ್ಕೇ ಜೇಬು ಖಾಲಿ.

'ಹಸಿವಿಲ್ಲ ಕಣ್ರೋ, ನೀವು ಹೋಗಿ ಬನ್ನಿ' ಎಂದು ಒಬ್ಬ ಗೆಳೆಯ ಪದೇ ಪದೇ ಹೇಳತೊಡಗಿದ. ಊರಲ್ಲಿ ಅಪ್ಪ ಮಾರಿದ ಮೆಕ್ಕೆಜೋಳದ ದುಡ್ಡು ಇನ್ನೂ ಕೈಸೇರಿರಲಿಲ್ಲ. ಸಾಲ ಕೊಡ್ತೀವಿ ಅಂದರೆ ಅವನಿಗೆ ಮುಜುಗರ. ಅದಕ್ಕೆ ಊಟವನ್ನೇ ಬದಲಿಸಿದೆವು.

ಮಂಡಕ್ಕಿ ಈ ಊರಿನ ಅನ್ನವಿದ್ದಂತೆ. ಅದಕ್ಕೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಪುಟಾಣಿ ಹಿಟ್ಟು, ಖಾರದಪುಡಿ, ಒಂದಿಷ್ಟು ಹಸಿ ಎಣ್ಣೆ, ಮೇಲೆ ನಿಂಬೆರಸ. ಗಾಡಿಯಿಂದ ಬಿಸಿ ಮಿರ್ಚಿ, ಕೊನೆಗೆ ಲೋಟ ಮಜ್ಜಿಗೆ. ಹೀಗೆ ಅರ್ಧ ಮನೆಯದು, ಅರ್ಧ ಬೀದಿಯದು. ಕಲಸಿ ಐದು ನಿಮಿಷ ಬಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತದೆ. ಹಾಗಾಗಿ 'ನಾನು ಆಮೇಲೆ ತಿಂತೀನಿ' ಅನ್ನೋ ನೆಪ ನಡೆಯೋದಿಲ್ಲ!

'ಅದೂ ಒಂದು ಊಟವೇನೋ?' ಅಂತ ಅಮ್ಮ ಫೋನಿನಲ್ಲಿ ಬೈಯುತ್ತಾಳೆ. ಮನೆಯ ಮುದ್ದೆ, ಸಾರಿಗೆ ಇದು ಸಮನಲ್ಲ, ನಿಜ. ಆದರೆ ಕಲಸುವ ಹದ ಗೊತ್ತಿರುವುದು ಆ ಗೆಳೆಯನಿಗೇ. ತಲೆಗೆ ಮೂವತ್ತು ರೂಪಾಯಿ. ತನ್ನ ಪಾಲನ್ನು ಅವನೇ ಎಲ್ಲರಿಗಿಂತ ಮೊದಲು ತೆಗೆದಿಡುತ್ತಾನೆ.